ಓಪನ್ ಸೋರ್ಸ್‌ನಲ್ಲಿ ಮೊದಲ ಹೆಜ್ಜೆ: ಹೊಸಬರಿಗೆ ಎಣಿಕೆ ಕಲಿಸುವುದು ಬೇಡ

ಮಾನ್ಯ ಸಂಪಾದಕರೇ,

ಓಪನ್ ಸೋರ್ಸ್ ತಂತ್ರಾಂಶಗಳಿಗೆ, ಅಂದರೆ ಮೂಲ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶಗಳಿಗೆ, ಕೊಡುಗೆ ನೀಡಲು ಬಯಸುವ ಹೊಸಬರಿಗೆ ದಾರಿ ತೋರಿಸುವ ಬರಹಗಳೂ ತರಬೇತಿಗಳೂ ಈಚಿನ ವರ್ಷಗಳಲ್ಲಿ ಹೆಚ್ಚಾಗಿವೆ. ಇದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಹಲವು ಒಂದೇ ಕ್ರಮವನ್ನು ಹೇಳಿಕೊಡುತ್ತವೆ: ಇಂಥ ಕೋಡನ್ನು ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದಲ್ಲಿ ಖಾತೆ ತೆರೆಯಿರಿ, ಹೆಸರುವಾಸಿಯಾದ ಯೋಜನೆಯೊಂದನ್ನು ಆರಿಸಿಕೊಳ್ಳಿ, 'ಗುಡ್ ಫಸ್ಟ್ ಇಶ್ಯೂ' (ಹೊಸಬರಿಗೆ ತಕ್ಕ ಕೆಲಸ) ಎಂಬ ಗುರುತು ಹಚ್ಚಿದ ಕೆಲಸವೊಂದನ್ನು ಹುಡುಕಿ, ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳುವಂತೆ ಕೋರಿಕೆ) ಕಳುಹಿಸಿ, ಅದನ್ನು ರೆಸ್ಯೂಮೆಯಲ್ಲಿ ನಮೂದಿಸಿ. ಹನ್ನೆರಡು ವರ್ಷಗಳಿಂದ ಇಂಥ ಯೋಜನೆಗಳಲ್ಲಿ ಬಿಡುವಿನ ವೇಳೆಯನ್ನು ಕಳೆದಿರುವ, ಅದರಲ್ಲೂ ಈಚಿನ ಐದು ವರ್ಷ ಹೊಸಬರು ಕಳುಹಿಸುವ ಬದಲಾವಣೆಗಳನ್ನು ಪರಿಶೀಲಿಸುತ್ತಿರುವ ನನಗೆ ಈ ಕ್ರಮ ತಲೆಕೆಳಗಾಗಿದೆ ಎಂದು ಅನಿಸಿದೆ. ಕೆಲಸವನ್ನು ಮೊದಲು ಆರಿಸಿಕೊಂಡು ಆಮೇಲೆ ತಂತ್ರಾಂಶದ ಪರಿಚಯ ಮಾಡಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಎರಡನೆಯ ಸಲ ಬರುವುದಿಲ್ಲ. ತಾವು ದಿನವೂ ಬಳಸುವ ತಂತ್ರಾಂಶದಲ್ಲಿ ತಮಗೇ ಎದುರಾದ ತೊಡಕಿನ ಬೆನ್ನು ಹತ್ತಿ ಬಂದವರು ಉಳಿಯುತ್ತಾರೆ. ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೋರುತ್ತೇನೆ.

ನನ್ನದೇ ಒಂದು ಅನುಭವದಿಂದ ಆರಂಭಿಸುತ್ತೇನೆ. ಕಡತಗಳ ಪಟ್ಟಿಯನ್ನು ಕೋಷ್ಟಕವಾಗಿ ತೋರಿಸುವ ಪುಟ್ಟ ಸಾಧನವೊಂದನ್ನು ನಾನು ಪ್ರತಿದಿನ ಬಳಸುತ್ತಿದ್ದೆ. ಇಂಗ್ಲಿಷ್ ಹೆಸರಿನ ಕಡತಗಳು ಅದರಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದವು. 'ಕನ್ನಡ ಪಾಠಗಳು' ಎಂದು ಹೆಸರಿಟ್ಟ ಕಡತ ಮಾತ್ರ 'ಕನ್ನಡ ಪ' ಎಂಬಲ್ಲಿಗೆ ತುಂಡಾಗಿ, ಅದರ ಮುಂದೆ ಕಪ್ಪು ವಜ್ರಾಕೃತಿಯೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತಿತ್ತು. ಹಲವು ತಿಂಗಳು ಅದನ್ನು ನೋಡಿಯೂ ಸುಮ್ಮನಿದ್ದೆ. ಒಂದು ದಿನ ಕುಳಿತು ಲೆಕ್ಕ ಹಾಕಿದೆ. ಪಠ್ಯವನ್ನು ಬೈಟುಗಳಾಗಿ, ಅಂದರೆ ಕಂಪ್ಯೂಟರಿನ ಸಂಗ್ರಹದ ಪುಟ್ಟ ಏಕಮಾನಗಳಾಗಿ, ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. 'ಕನ್ನಡ' ಎಂಬುದು ಕಣ್ಣಿಗೆ ಮೂರಕ್ಷರದ ಪದವಾದರೂ ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಎಂಬ 5 ಸಂಕೇತಗಳ ಸಾಲು, ಅಂದರೆ 15 ಬೈಟು. ನಡುವಿನ ಖಾಲಿ ಜಾಗಕ್ಕೆ 1, 'ಪ'ಕಾರಕ್ಕೆ 3, ಅಲ್ಲಿಗೆ 19 ಆಯಿತು. ಆ ಸಾಧನ ಹೆಸರನ್ನು 20ನೆಯ ಬೈಟಿಗೆ ಕತ್ತರಿಸುತ್ತಿತ್ತು. ಹೀಗಾಗಿ 'ಪಾ' ಅಕ್ಷರದ ದೀರ್ಘದ ಚಿಹ್ನೆಗೆ ಸೇರಿದ 3 ಬೈಟುಗಳಲ್ಲಿ ಒಂದು ಮಾತ್ರ ಉಳಿದು, ಅರ್ಥವಿಲ್ಲದ ಆ ಚೂರನ್ನು ಪರದೆ ಪ್ರಶ್ನಾರ್ಥಕ ಚಿಹ್ನೆಯಾಗಿ ತೋರಿಸುತ್ತಿತ್ತು.

ಆ ಸಾಧನವನ್ನು ಬರೆದವರಿಗೆ ಈ ದೋಷ ಕಣ್ಣಿಗೆ ಬೀಳುವ ಸಂಭವವೇ ಇರಲಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕಾಗುವುದರಿಂದ ಅಕ್ಷರ ಎಣಿಸಿದರೂ ಬೈಟು ಎಣಿಸಿದರೂ ಅವರಿಗೆ ಸಿಗುತ್ತಿದ್ದ ಉತ್ತರ ಒಂದೇ. ಪ್ರೋಗ್ರಾಮಿಂಗ್‌ನಲ್ಲಿ ನನ್ನ ತಿಳಿವಳಿಕೆ ಅವರದಕ್ಕಿಂತ ಬಹಳ ಕಡಿಮೆಯಿತ್ತು, ಆದರೆ ಆ ಕಡತ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಹೊಸಬರು 'ನನ್ನಿಂದ ಏನಾದೀತು' ಎಂದು ಹಿಂಜರಿಯುವಾಗಲೆಲ್ಲ ನಾನು ಇದನ್ನೇ ನೆನಪಿಸುತ್ತೇನೆ. ಕೈಪಿಡಿಯ ವಿಷಯದಲ್ಲಿಯೂ ಹೀಗೆಯೇ. ತಂತ್ರಾಂಶವನ್ನು ಅಳವಡಿಸುವ ವಿಧಾನದಲ್ಲಿ ಒಂದು ಹಂತ ಬಿಟ್ಟುಹೋಗಿದ್ದರೆ ಅದು ಹಳಬರಿಗೆ ತಿಳಿಯುವುದಿಲ್ಲ, ಏಕೆಂದರೆ ಆ ಹಂತಕ್ಕೆ ಬೇಕಾದದ್ದೆಲ್ಲ ಅವರ ಯಂತ್ರದಲ್ಲಿ ವರ್ಷಗಳ ಹಿಂದೆಯೇ ಸೇರಿಕೊಂಡಿರುತ್ತದೆ. ಇವತ್ತು ಮೊದಲ ಬಾರಿಗೆ ಅಳವಡಿಸಲು ಹೊರಟು ಏಳನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಮಾತ್ರ ಅದು ಕಾಣುತ್ತದೆ, ಅದೂ ಕೆಲವೇ ದಿನ. ರೂಢಿಯಾದ ಮೇಲೆ ಅವರಿಗೂ ಮರೆತುಹೋಗುತ್ತದೆ. ಆದ್ದರಿಂದ ಅಳವಡಿಸಲು ಕುಳಿತ ದಿನವೇ, ಎಡವಿದ ಸ್ಥಳಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕೆಂದು ನಾನು ಎಲ್ಲರಲ್ಲಿಯೂ ಒತ್ತಾಯಿಸುತ್ತೇನೆ. ಕೈಪಿಡಿಯನ್ನು ತಿದ್ದುವುದು ಕೋಡ್ ಬರೆಯಲಾರದವರ ಕೆಲಸ ಎಂಬ ಭಾವನೆ ಹಲವರಲ್ಲಿದೆ. ಕೈಪಿಡಿಯ ಒಂದು ಸಾಲು ಸರಿಯಿಲ್ಲದ ಕಾರಣಕ್ಕೆ ಎಷ್ಟು ಜನ ಒಳ್ಳೆಯ ತಂತ್ರಾಂಶವೊಂದನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಎಂಬುದನ್ನು ಕಂಡವರು ಹಾಗೆ ಹೇಳಲಾರರು.

ತೊಡಕು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದರ ಮುಂದಿನ ಕೆಲಸ ಓದು. ಯೋಜನೆಯ ರೆಪಾಸಿಟರಿಯನ್ನು, ಅಂದರೆ ಅದರ ಕೋಡಿನ ಕಡತಗಳೆಲ್ಲ ಇರುವ ಸಂಗ್ರಹವನ್ನು, ತೆರೆದರೆ ಸಾಮಾನ್ಯವಾಗಿ ಮೇಲ್ಭಾಗದಲ್ಲಿಯೇ ಮೂರು ಕಡತಗಳು ಸಿಗುತ್ತವೆ. ರೀಡ್‌ಮೀ ಆ ತಂತ್ರಾಂಶ ಏನು ಮಾಡುತ್ತದೆಂದು ಹೇಳುತ್ತದೆ. ಕಾಂಟ್ರಿಬ್ಯೂಟಿಂಗ್ ಎಂಬ ಕಡತ ಬದಲಾವಣೆಗಳನ್ನು ಯಾವ ರೂಪದಲ್ಲಿ, ಯಾವ ಮಾರ್ಗದಲ್ಲಿ ಕಳುಹಿಸಬೇಕೆಂದು ಹೇಳುತ್ತದೆ. ಲೈಸೆನ್ಸ್ ಎಂಬುದು ಕೋಡ್ ಬಳಸುವವರ ಹಕ್ಕುಗಳನ್ನೂ ಹೊಣೆಗಳನ್ನೂ ಹೇಳುತ್ತದೆ. ಇವುಗಳಲ್ಲಿ ಎರಡನೆಯದನ್ನು ಓದದೆ ಬಂದವರನ್ನು ನಾನು ಮೊದಲ ಸಾಲಿನಲ್ಲಿಯೇ ಗುರುತಿಸಬಲ್ಲೆ. ಎಲ್ಲ ಯೋಜನೆಗಳ ನಡೆಯೂ ಒಂದೇ ಅಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳು) ಇಂದಿಗೂ ಬದಲಾವಣೆಗಳನ್ನು ಇಮೇಲ್‌ನಲ್ಲಿ ಪ್ಯಾಚ್ (ಬದಲಾದ ಸಾಲುಗಳನ್ನು ತೋರಿಸುವ ಪಠ್ಯ) ರೂಪದಲ್ಲಿಯೇ ಕಳುಹಿಸಬೇಕು. ಗಿಟ್‌ಹಬ್‌ನಲ್ಲಿರುವ ಅದರ ಪ್ರತಿಗೆ ಪುಲ್ ರಿಕ್ವೆಸ್ಟ್ ಹಾಕಿದರೆ ಅದು ಸಂಬಂಧಪಟ್ಟವರ ಕೈಗೆ ಸೇರುವುದಿಲ್ಲ. ಅಲ್ಲಿ ಪ್ರತಿ ಪ್ಯಾಚಿನ ಕೊನೆಗೆ 'ಸೈನ್ಡ್-ಆಫ್-ಬೈ' ಎಂಬ ಸಾಲಿನಲ್ಲಿ ಕಳುಹಿಸಿದವರ ಹೆಸರೂ ಇರಬೇಕು. 2004ರಿಂದ ಜಾರಿಯಲ್ಲಿರುವ ಈ ಪದ್ಧತಿ ಬರಿಯ ಔಪಚಾರಿಕತೆಯಲ್ಲ, 'ಈ ಕೋಡನ್ನು ಕೊಡುವ ಹಕ್ಕು ನನಗಿದೆ' ಎಂಬ ಪ್ರಮಾಣ ಅದು. ಕಂಪನಿಯೊಂದರ ಉದ್ಯೋಗದಲ್ಲಿರುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ತಾವು ಬರೆದ ಕೋಡಿನ ಹಕ್ಕು ಉದ್ಯೋಗದ ಒಪ್ಪಂದದ ಪ್ರಕಾರ ಕಂಪನಿಗೆ ಸೇರಿರುವ ಸಾಧ್ಯತೆ ಇರುವುದರಿಂದ, ಮೊದಲೇ ಕೇಳಿ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು. ತರಬೇತಿ ನೀಡುವವರು ಇದನ್ನು ಹೇಳಿದ್ದನ್ನು ನಾನು ಕೇಳಿಲ್ಲ.

ಓದುವುದರಲ್ಲಿ ಹಳೆಯ ದೂರುಗಳೂ ಸೇರಿವೆ. ನನ್ನ ತೊಡಕನ್ನು ಹುಡುಕಿದಾಗ, ಎರಡು ವರ್ಷಗಳ ಹಿಂದೆಯೇ ಬೇರೊಂದು ಲಿಪಿಯನ್ನು ಬಳಸುವ ಯಾರೋ ಇದೇ ವಿಷಯವನ್ನು ಬರೆದಿದ್ದರು. 'ನನ್ನ ಭಾಷೆಯ ಹೆಸರುಗಳು ಸರಿಯಾಗಿ ಕಾಣುವುದಿಲ್ಲ' ಎಂಬುದಷ್ಟೇ ಅವರ ದೂರು. ಅದರ ಕೆಳಗೆ 'ನನಗೂ ಹೀಗೆಯೇ ಆಗುತ್ತಿದೆ' ಎಂಬ ನಾಲ್ಕು ಉತ್ತರಗಳಿದ್ದವು. ನಿರ್ವಾಹಕರು, ಅಂದರೆ ಮೇಂಟೇನರ್‌ಗಳು, ವಿವರ ಕೇಳಿದ್ದರು, ಯಾರೂ ಕೊಟ್ಟಿರಲಿಲ್ಲ. ನಾನು ಆ ದೂರಿನ ಕೆಳಗೇ ಬರೆದೆ: ಸಾಧನದ ಯಾವ ಆವೃತ್ತಿ, ಯಾವ ಕಾರ್ಯಾಚರಣ ವ್ಯವಸ್ಥೆ, ಯಾವ ಹೆಸರಿನ ಖಾಲಿ ಕಡತವನ್ನು ಸೃಷ್ಟಿಸಿ ಯಾವ ಆದೇಶ ಕೊಟ್ಟರೆ ಈ ದೋಷ ಮರುಕಳಿಸುತ್ತದೆ, ಏನು ಕಾಣಬೇಕಿತ್ತು, ಏನು ಕಾಣುತ್ತಿದೆ. ಮೇಲೆ ಹೇಳಿದ ಬೈಟುಗಳ ಲೆಕ್ಕವನ್ನೂ ಸೇರಿಸಿದೆ. ಎರಡು ವರ್ಷ ಅಲುಗದೆ ಬಿದ್ದಿದ್ದ ದೂರಿಗೆ ಮೂರು ದಿನಗಳಲ್ಲಿ ಉತ್ತರ ಬಂತು. ಕೋಡಿನ ಯಾವ ಸಾಲಿನಲ್ಲಿ ಕತ್ತರಿಸುವಿಕೆ ನಡೆಯುತ್ತದೆಂದು ತೋರಿಸಿ, ತಿದ್ದುಪಡಿಯನ್ನು ನಾನೇ ಮಾಡುವೆನೇ ಎಂದು ನಿರ್ವಾಹಕರು ಕೇಳಿದರು. ನಾನಿನ್ನೂ ಒಂದು ಸಾಲು ಕೋಡನ್ನೂ ಬರೆದಿರಲಿಲ್ಲ. ಆದರೂ ನನ್ನ ಮೊದಲ ಕೊಡುಗೆ ಆ ವರದಿಯೇ ಎಂದು ನಾನು ಈಗಲೂ ಭಾವಿಸುತ್ತೇನೆ, ಏಕೆಂದರೆ ತಿದ್ದುಪಡಿಗೆ ತಗುಲಿದ ಸಮಯಕ್ಕಿಂತ ದೋಷವನ್ನು ಹಿಡಿದು ನಿಲ್ಲಿಸಲು ತಗುಲಿದ ಸಮಯವೇ ಹೆಚ್ಚು.

ತಿದ್ದುಪಡಿ ಕಳುಹಿಸುವ ಯಾಂತ್ರಿಕ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದನ್ನು ಕಲಿಸುವವರು ಬೇಕಾದಷ್ಟು ಜನರಿದ್ದಾರೆ. ಮೂಲ ರೆಪಾಸಿಟರಿಯನ್ನು ಫೋರ್ಕ್ ಮಾಡಿ ತನ್ನದೊಂದು ಪ್ರತಿ ಪಡೆಯುವುದು, ಅದನ್ನು ಕ್ಲೋನ್ ಮಾಡಿ ಯಂತ್ರಕ್ಕೆ ಇಳಿಸಿಕೊಳ್ಳುವುದು, ಪ್ರತ್ಯೇಕ ಬ್ರಾಂಚ್ (ಬದಲಾವಣೆಗೆಂದೇ ಒಂದು ಕವಲು) ತೆರೆಯುವುದು, ಬದಲಾಯಿಸಿ ಕಮಿಟ್ ಮಾಡುವುದು (ಸಂದೇಶದೊಡನೆ ದಾಖಲಿಸುವುದು), ಪುಶ್ ಮಾಡಿ (ತನ್ನ ಪ್ರತಿಗೆ ಏರಿಸಿ) ಪುಲ್ ರಿಕ್ವೆಸ್ಟ್ ಸಲ್ಲಿಸುವುದು, ಇಷ್ಟೇ. ಏನನ್ನೂ ಮುಟ್ಟುವ ಮೊದಲು, ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಾವಾಗಿಯೇ ನೋಡುವ, ಯೋಜನೆಯಲ್ಲಿ ಇರುವ ಪರೀಕ್ಷೆಗಳನ್ನೆಲ್ಲ ಒಮ್ಮೆ ನಡೆಸಿ ನೋಡಬೇಕೆಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮೊದಲಿನಿಂದಲೇ ಸೋಲುತ್ತಿದ್ದ ಪರೀಕ್ಷೆಗೆ ತನ್ನ ಬದಲಾವಣೆಯೇ ಕಾರಣವೆಂದು ತಿಳಿದು ಎರಡು ದಿನ ಒದ್ದಾಡಿದವರನ್ನು ನೋಡಿದ್ದೇನೆ.

ಬದಲಾವಣೆಯ ಗಾತ್ರದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಮೊದಲ ಬಾರಿಗೆ ಬಂದವರ ಬದಲಾವಣೆ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಮತ್ತು ಪರಿಶೀಲಿಸುವವರು ಕುಳಿತಲ್ಲಿಯೇ ಓದಿ ಮುಗಿಸುವಷ್ಟಿರಬೇಕು. ದೋಷ ತಿದ್ದುತ್ತ ಹೋದವರು 'ಇಲ್ಲಿ ಸಾಲುಗಳ ಅಂತರ ಚೆನ್ನಾಗಿಲ್ಲ, ಇದನ್ನೂ ಸರಿಪಡಿಸೋಣ' ಎಂದು ಇಡೀ ಕಡತವನ್ನು ಮರುಜೋಡಿಸಿ ಕಳುಹಿಸುವುದುಂಟು. ಆಗ ನಿಜವಾದ ತಿದ್ದುಪಡಿಯ ಐದು ಸಾಲುಗಳು ನಾನೂರು ಸಾಲುಗಳ ನಡುವೆ ಕಳೆದುಹೋಗುತ್ತವೆ. ಪರಿಶೀಲಿಸುವವರಿಗೆ ಅದನ್ನು ನಂಬಲೂ ಆಗುವುದಿಲ್ಲ, ತಿರಸ್ಕರಿಸಲೂ ಮನಸ್ಸಾಗುವುದಿಲ್ಲ. ಅದು ಹಾಗೆಯೇ ಉಳಿಯುತ್ತದೆ. ಕಮಿಟ್‌ನ ಜೊತೆಗಿನ ಸಂದೇಶವೂ ಅಷ್ಟೇ ಮುಖ್ಯ. ಏನು ಬದಲಾಯಿತೆಂಬುದು ಕೋಡನ್ನು ನೋಡಿದರೆ ತಿಳಿಯುತ್ತದೆ, ಏಕೆ ಬದಲಾಯಿಸಬೇಕಾಯಿತೆಂಬುದನ್ನು ಸಂದೇಶವೇ ಹೇಳಬೇಕು. ಹತ್ತು ವರ್ಷಗಳ ನಂತರ ಆ ಸಾಲನ್ನು ನೋಡಿ ತಲೆ ಕೆರೆದುಕೊಳ್ಳುವ ಅಪರಿಚಿತರಿಗೆ ಸಿಗುವುದು ಆ ಸಂದೇಶ ಒಂದೇ.

ಪರಿಶೀಲನೆಯ ಹಂತದಲ್ಲಿಯೇ ಹೆಚ್ಚಿನ ಹೊಸಬರು ಬಿಟ್ಟುಹೋಗುತ್ತಾರೆ. ನನ್ನ ಮೊದಲ ತಿದ್ದುಪಡಿ ಸರಳವಾಗಿತ್ತು: ಬೈಟುಗಳ ಬದಲು ಯೂನಿಕೋಡ್ ಸಂಕೇತಗಳನ್ನು ಎಣಿಸಿ ಕತ್ತರಿಸುವುದು. ಪ್ರಶ್ನಾರ್ಥಕ ಚಿಹ್ನೆ ಮಾಯವಾಯಿತು, ಕೆಲಸ ಮುಗಿಯಿತು ಎಂದುಕೊಂಡೆ. ಪರಿಶೀಲಿಸಿದವರಿಗೆ ನಮ್ಮ ಲಿಪಿಯ ಗಂಧವೂ ಇರಲಿಲ್ಲ, ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದರು: ಒಂದು ಅಕ್ಷರಕ್ಕೆ ಎರಡು ಮೂರು ಸಂಕೇತಗಳಿರುವಾಗ, ಅವುಗಳ ನಡುವೆ ಕತ್ತರಿಸಿದರೆ ಏನಾಗುತ್ತದೆ? ಹಾಗೆ ಕತ್ತರಿಸಿದರೆ 'ಪಾ' ಹೋಗಿ 'ಪ' ಉಳಿಯುತ್ತದೆ, ಒತ್ತಕ್ಷರ ಬರುವ ಕಡೆ ತುದಿಯಲ್ಲಿ ಹಲಂತ ನೇತಾಡುತ್ತದೆ. ತಪ್ಪು ಮೊದಲಿನಷ್ಟು ಎದ್ದು ಕಾಣದಿದ್ದರೂ ತಪ್ಪು ತಪ್ಪೇ. ಕೈಯಿಂದ ಎಣಿಸುವುದನ್ನು ಬಿಟ್ಟು, ಪಠ್ಯವನ್ನು ಅಕ್ಷರಗಳಾಗಿ ಒಡೆಯಲೆಂದೇ ಇರುವ ಲೈಬ್ರರಿಯನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬಳಸಿ ಎರಡನೆಯ ಸಲ ಕಳುಹಿಸಿದೆ. ಆಗ ಅವರು ಪರೀಕ್ಷೆ ಬರೆಯಲು ಹೇಳಿದರು. ಬರೆದೆ. ಮೂರನೆಯ ಸುತ್ತಿನಲ್ಲಿ ಒಂದು ಫಂಕ್ಷನ್ನಿನ ಹೆಸರು ಬದಲಾಯಿಸಲು ಹೇಳಿದರು. ಒಟ್ಟು ಆರು ವಾರ ಹಿಡಿಯಿತು. ಮೊದಲ ಸುತ್ತಿನ ಟಿಪ್ಪಣಿ ಬಂದ ರಾತ್ರಿ ನನಗೆ ಅವಮಾನವಾದಂತೆ ಅನಿಸಿದ್ದು ನಿಜ. ಆದರೆ ಆ ಟಿಪ್ಪಣಿಯಲ್ಲಿ ನನ್ನ ಬಗ್ಗೆ ಒಂದು ಪದವೂ ಇರಲಿಲ್ಲ, ಇದ್ದದ್ದೆಲ್ಲ ಕೋಡಿನ ಬಗ್ಗೆ. ಅದನ್ನು ಬೇರ್ಪಡಿಸಿ ಓದಲು ನಾನು ಬೆಳಗಿನವರೆಗೆ ಕಾಯಬೇಕಾಯಿತು. ಹೊಸಬರಿಗೆ ನನ್ನ ವಿನಂತಿ ಇದು: ಟಿಪ್ಪಣಿ ಬಂದ ತಕ್ಷಣ ಉತ್ತರಿಸಬೇಡಿ, ಒಂದು ರಾತ್ರಿ ಬಿಟ್ಟು ಉತ್ತರಿಸಿ. ಒಪ್ಪಿಗೆಯಾಗದಿದ್ದರೆ ಕಾರಣ ಕೊಟ್ಟು ವಾದಿಸಿ, ಅದಕ್ಕೆ ನಿಮಗೆ ಪೂರ್ತಿ ಅವಕಾಶವಿದೆ.

ತಡವಾಗುವುದಕ್ಕೆ ಕಾರಣಗಳಿವೆ. ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದೆ. ಅದರಲ್ಲಿ ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವುದು ಮೊದಲ ಎರಡು ವಾರ ಮಾತ್ರ, ಉಳಿದ ಅವಧಿಯೆಲ್ಲ ದೋಷ ತಿದ್ದುವುದಕ್ಕೆ ಮೀಸಲು. ಇಂಥ ಲಯ ಗೊತ್ತಿದ್ದವರು ಎರಡು ವಾರ ಉತ್ತರ ಬರಲಿಲ್ಲವೆಂದು ಎದೆಗುಂದುವುದಿಲ್ಲ. ಚಿಕ್ಕ ಯೋಜನೆಗಳಲ್ಲಿ ಕಾರಣ ಇನ್ನೂ ಸರಳ. ಅಲ್ಲಿ ನಿರ್ವಾಹಕರು ಎಂದರೆ ಸಂಬಳವಿಲ್ಲದೆ, ದಿನದ ಕೆಲಸ ಮುಗಿಸಿ ರಾತ್ರಿ ಕೂರುವ ಒಬ್ಬರೇ ವ್ಯಕ್ತಿ. 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಭದ್ರತಾ ದೋಷ ಬಯಲಾದಾಗ, ಆ ದೋಷ ಅಡಗಿದ್ದ, ಮಾಹಿತಿಯನ್ನು ಗುಪ್ತವಾಗಿ ಸಾಗಿಸಲು ಅಂತರ್ಜಾಲದ ಬಹುಭಾಗ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನು ಬೆರಳೆಣಿಕೆಯಷ್ಟು ಜನ ನೋಡಿಕೊಳ್ಳುತ್ತಿದ್ದರೆಂದು ಜಗತ್ತಿಗೆ ಗೊತ್ತಾಯಿತು. ಹತ್ತು ವರ್ಷಗಳ ನಂತರ, 2024ರ ಮಾರ್ಚ್‌ನಲ್ಲಿ, ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜೆಡ್' ಸಾಧನದಲ್ಲಿ ಹಿಂಬಾಗಿಲೊಂದು (ಗುಟ್ಟಾಗಿ ಒಳನುಗ್ಗಲು ಅಡಗಿಸಿಟ್ಟ ದಾರಿ) ಪತ್ತೆಯಾಯಿತು. ಅದನ್ನು ಇಟ್ಟದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ಒಳ್ಳೆಯ ಕೊಡುಗೆಗಳನ್ನೇ ನೀಡುತ್ತ, ದಣಿದಿದ್ದ ಏಕಾಂಗಿ ನಿರ್ವಾಹಕರ ವಿಶ್ವಾಸ ಗಳಿಸಿ ಸಹನಿರ್ವಾಹಕನಾದ ಖಾತೆ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಬೆನ್ನು ಹತ್ತಿದ್ದರಿಂದ ಅದು ಹೊರಬಿತ್ತು. ಆ ಪ್ರಕರಣದ ನಂತರ ಅಪರಿಚಿತರ ಬದಲಾವಣೆಗಳನ್ನು ನೋಡುವ ಕಣ್ಣುಗಳು ಇನ್ನಷ್ಟು ಎಚ್ಚರವಾಗಿವೆ. ಹೊಸಬರು ಇದನ್ನು ತಮ್ಮ ಮೇಲಿನ ಅನುಮಾನವೆಂದು ತೆಗೆದುಕೊಳ್ಳಬಾರದು.

ಇನ್ನು ಪುಲ್ ರಿಕ್ವೆಸ್ಟ್‌ಗಳ ಎಣಿಕೆಯ ವಿಷಯ. 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ 'ಹ್ಯಾಕ್ಟೋಬರ್‌ಫೆಸ್ಟ್' ಎಂಬ, ಓಪನ್ ಸೋರ್ಸ್‌ಗೆ ಕೊಡುಗೆ ನೀಡಲು ಹುರಿದುಂಬಿಸುವ ಅಭಿಯಾನ ಒಳ್ಳೆಯ ಉದ್ದೇಶದಿಂದಲೇ ಆರಂಭವಾಯಿತು. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗಳಿಗೆ ಒಂದು ಟಿ-ಶರ್ಟ್ ಎಂಬ ಆಮಿಷಕ್ಕೆ ಸಾವಿರಾರು ಜನ ಯಾವ ಯಾವುದೋ ಯೋಜನೆಗಳ ರೀಡ್‌ಮೀ ಕಡತದಲ್ಲಿ ಒಂದು ವಿಶೇಷಣ ಸೇರಿಸಿ, ಒಂದು ಅಲ್ಪವಿರಾಮ ತೆಗೆದು ಕಳುಹಿಸಿದರು. ನಿರ್ವಾಹಕರು ಅವುಗಳನ್ನು ಮುಚ್ಚುವುದರಲ್ಲಿಯೇ ದಿನಗಳನ್ನು ಕಳೆದರು. ಆಯೋಜಕರು ಅದೇ ತಿಂಗಳ ಮೊದಲ ವಾರದಲ್ಲಿ ನಿಯಮ ಬದಲಾಯಿಸಿ, ತಾವಾಗಿಯೇ ಒಪ್ಪಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಅಂದು ಹಾಗೆ ಕಳುಹಿಸಿದವರಲ್ಲಿ ಹಲವರು ಯಾರೋ ಹೇಳಿಕೊಟ್ಟದ್ದನ್ನು ಮಾಡಿದ ಕಲಿಕೆಯ ಹಂತದವರು. ನನ್ನ ಆಕ್ಷೇಪ ಇರುವುದು ಅವರ ಮೇಲಲ್ಲ, ಹೇಳಿಕೊಟ್ಟವರ ಮೇಲೆ. ಈಗ ಅದೇ ಕೆಲಸವನ್ನು ಕೃತಕ ಬುದ್ಧಿಮತ್ತೆಯ ಸಾಧನಗಳು ಇನ್ನೂ ಸುಲಭ ಮಾಡಿವೆ. ನೋಡಲು ಅಚ್ಚುಕಟ್ಟಾಗಿದ್ದು ಒಳಗೆ ಹುರುಳಿಲ್ಲದ ಭದ್ರತಾ ವರದಿಗಳು ಬರುತ್ತಿರುವುದರ ಬಗ್ಗೆ ಜಾಲದ ಮೂಲಕ ದತ್ತಾಂಶ ಸಾಗಿಸುವ ಸಾಧನವಾದ 'ಕರ್ಲ್' ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಅವರು 2024ರಿಂದ ಬಹಿರಂಗವಾಗಿಯೇ ಹೇಳುತ್ತ ಬಂದಿದ್ದಾರೆ. ಅಂಥ ಸಾಧನಗಳಿಂದ ನೆರವು ಪಡೆಯಬಾರದೆಂದು ನಾನು ಹೇಳುವುದಿಲ್ಲ. ಕೆಲವು ಯೋಜನೆಗಳು ಅದನ್ನು ಒಪ್ಪುತ್ತವೆ, ಕೆಲವು ನಿಷೇಧಿಸಿವೆ, ಆಯಾ ನಿಯಮವನ್ನು ಓದಿಕೊಳ್ಳಬೇಕು. ಆದರೆ 'ಈ ಸಾಲು ಇಲ್ಲಿ ಏಕಿದೆ' ಎಂದು ಕೇಳಿದರೆ ಸ್ವಂತ ಮಾತಿನಲ್ಲಿ ಉತ್ತರಿಸಲಾಗದ ಕೋಡನ್ನು ತನ್ನ ಹೆಸರಿನಲ್ಲಿ ಯಾರೂ ಕಳುಹಿಸಬಾರದು.

ನಿರ್ವಾಹಕರಿಗೂ ಒಂದು ಮಾತು ಹೇಳದಿದ್ದರೆ ಈ ಪತ್ರ ಏಕಪಕ್ಷೀಯವಾಗುತ್ತದೆ. ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆ ಆಫೀಸ್ ಯೋಜನೆಯವರು 'ಈಸಿ ಹ್ಯಾಕ್ಸ್' ಎಂಬ ಹೆಸರಿನಲ್ಲಿ ಹೊಸಬರಿಗೆಂದೇ ಕೆಲಸಗಳನ್ನು ಗುರುತಿಸಿಡುತ್ತ ಬಂದಿದ್ದಾರೆ. ಹಾಗೆ ಗುರುತಿಸುವಾಗ ಯಾವ ಕಡತ ತೆರೆಯಬೇಕು, ಎಲ್ಲಿ ನೋಡಬೇಕು ಎಂಬ ಎರಡು ಸಾಲು ಬರೆದಿಟ್ಟರೆ ಅದು ನಿಜವಾದ ಆಹ್ವಾನವಾಗುತ್ತದೆ. ಬರಿಯ ಗುರುತು ಹಚ್ಚಿ ಎರಡು ವರ್ಷ ಬಿಟ್ಟರೆ, ಒಂದೇ ಕೆಲಸವನ್ನು 'ನನಗೆ ಕೊಡಿ' ಎಂದು ಹದಿನೈದು ಜನ ಕೇಳಿ, ಯಾರೂ ಮಾಡದೆ ಉಳಿಯುತ್ತದೆ. ಬದಲಾವಣೆಯನ್ನು ಒಪ್ಪಲಾಗದಿದ್ದರೆ ಒಪ್ಪಲಾಗದೆಂದು ಹೇಳಿಬಿಡುವುದು ಮೇಲು. ನಿರಾಕರಣೆಯಿಂದ ಮುರಿದವರಿಗಿಂತ ಮೌನದಿಂದ ಮುರಿದವರನ್ನು ನಾನು ಹೆಚ್ಚಾಗಿ ಕಂಡಿದ್ದೇನೆ. ಹೊಸಬರ ಮೊದಲ ಪ್ಯಾಚಿಗೆ ಒಂದು ವಾರದೊಳಗೆ, 'ನೋಡಿದ್ದೇನೆ, ಈ ತಿಂಗಳ ಕೊನೆಗೆ ಪರಿಶೀಲಿಸುತ್ತೇನೆ' ಎಂಬಷ್ಟಾದರೂ ಉತ್ತರ ಹೋಗುವಂತೆ ನಾನು ನನ್ನ ಮಟ್ಟಿಗೆ ನಿಯಮ ಮಾಡಿಕೊಂಡಿದ್ದೇನೆ. ಅದನ್ನು ಪಾಲಿಸಲಾಗದ ತಿಂಗಳುಗಳಲ್ಲಿ ಹೊಸ ಕೆಲಸಗಳನ್ನು ಗುರುತಿಸುವುದನ್ನೇ ನಿಲ್ಲಿಸುತ್ತೇನೆ.

ನನ್ನ ಆ ತಿದ್ದುಪಡಿಯ ಜೊತೆಗೆ ಬರೆದ ಪರೀಕ್ಷೆಯಲ್ಲಿ 'ಕನ್ನಡ ಪಾಠಗಳು' ಎಂಬ ಹೆಸರನ್ನೇ ಇಟ್ಟಿದ್ದೆ. ನಾಲ್ಕು ವರ್ಷಗಳ ನಂತರ ಇನ್ನೊಬ್ಬ ಹೊಸಬರು, ಆ ಲೈಬ್ರರಿಯಿಂದ ಸಾಧನದ ಗಾತ್ರ ವಿನಾಕಾರಣ ಹೆಚ್ಚಾಗಿದೆಯೆಂದು ತಿಳಿದು, ಅದನ್ನು ತೆಗೆದುಹಾಕುವ ಬದಲಾವಣೆಯನ್ನು ಕಳುಹಿಸಿದರು. ಉಳಿದ ಪರೀಕ್ಷೆಗಳೆಲ್ಲ ಗೆದ್ದು, ಆ ಒಂದು ಪರೀಕ್ಷೆ ಮಾತ್ರ ಸೋತಿತು. ಅವರಿಗೆ ಆ ಲಿಪಿ ಯಾವುದೆಂದು ಗೊತ್ತಿರಲಿಲ್ಲ. ಕಮಿಟ್ ಸಂದೇಶವನ್ನು ಹುಡುಕಿ ಓದಿ, ಬೈಟುಗಳ ಲೆಕ್ಕವನ್ನು ತಾವೇ ಹಾಕಿ ನೋಡಿ, ತಮ್ಮ ಬದಲಾವಣೆಯನ್ನು ಹಿಂದಕ್ಕೆ ಪಡೆದು, ಅದರ ಬದಲು ಆ ಲೈಬ್ರರಿ ಏಕೆ ಬೇಕೆಂಬ ಎರಡು ಸಾಲಿನ ವಿವರಣೆಯನ್ನು ಕೈಪಿಡಿಗೆ ಸೇರಿಸಿ ಕಳುಹಿಸಿದರು. ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸ ಆ ವಾರ ನನ್ನ ಪಾಲಿಗೆ ಬಂದಿತ್ತು.

ಇಂತಿ,
ತಮ್ಮ ಪತ್ರಿಕೆಯ ಓದುಗ